ಹೋಟೆಲ್ ರುಚಿ ಮನೆಯಲ್ಲಿ ಬರುತ್ತಿಲ್ಲವಾ? ಮೊದಲು ನೀರು ಒರೆಸಿ

ಹೊರಗೆ ತಿಂದಾಗ ಹುರಿದ ತರಕಾರಿ ಅಷ್ಟು ರುಚಿಯಾಗಿರುತ್ತದೆ, ಅದನ್ನೇ ಮನೆಯಲ್ಲಿ ಮಾಡಿದರೆ ಬೇಯಿಸಿದ ಹಾಗೆ ಮೆತ್ತಗಾಗುತ್ತದೆ, ಅಲ್ವಾ? ಮಸಾಲೆ ಕಮ್ಮಿ ಆಯ್ತೇನೋ ಅಂತ ನಾನು ತುಂಬಾ ದಿನ ಸುಮ್ನೆ ಜಾಸ್ತಿ ಜಾಸ್ತಿ ಹಾಕುತ್ತಿದ್ದೆ. ತಪ್ಪು ಮಸಾಲೆಯದ್ದಲ್ಲ, ನೀರಿನದ್ದು. ತೊಳೆದ ತರಕಾರಿಯನ್ನು ಹಾಗೇ ಬಾಣಲೆಗೆ ಸುರಿದರೆ ಅದರ ಮೇಲಿನ ನೀರು ಆರುವ ತನಕ ಶಾಖ 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗಿ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕೇ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ.

ಬಾಣಲೆ ಮೊದಲು ಕಾಯಲಿ. ಒಂದು ಚೂರು ಹಾಕಿ ನೋಡಿ, ಚುಯ್ ಅಂದರೆ ಸರಿ. ಎಲ್ಲವನ್ನೂ ಒಟ್ಟಿಗೆ ತುಂಬಬೇಡಿ, ಅಲ್ಲಲ್ಲಿ ತಳ ಕಾಣುವಷ್ಟು ಜಾಗ ಬಿಟ್ಟು ಎರಡು ಸಲ ಹುರಿಯಿರಿ. ಹಾಕಿದ ಮೇಲೆ ಒಂದು ನಿಮಿಷ ಕೈ ಕಟ್ಟಿಕೊಂಡು ನಿಲ್ಲಿ (ಇದೇ ಕಷ್ಟ, ನನ್ನ ಕೈ ಈಗಲೂ ತಾನಾಗೇ ಸೌಟಿಗೆ ಹೋಗುತ್ತದೆ). ಅಣಬೆ ಹುರಿದು ನೋಡಿ, ಅಂಚು ಕಂದು ಬಣ್ಣಕ್ಕೆ ತಿರುಗಿದ್ದು ಕಣ್ಣಿಗೇ ಕಾಣುತ್ತದೆ.

ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ. ಮುಚ್ಚಳ ಮಾತ್ರ ಮುಚ್ಚಬೇಡಿ, ಆವಿ ನೀರಾಗಿ ಇಳಿದು ಎಲ್ಲಾ ಮತ್ತೆ ಮೆತ್ತಗೆ.