ತುರಿಕೆಗೆ ಸೂಜಿ: ಅಕ್ಯುಪಂಕ್ಚರ್ ಮಾಡಿಸಿಕೊಳ್ಳುವುದು ಹೇಗೆ?

ಆಟಿ ತಿಂಗಳ ಒಂದು ರಾತ್ರಿ. ಗಂಟೆ ಎರಡು. ನಾನು ಅಡುಗೆಮನೆಯಲ್ಲಿ ನಿಂತು ಸೌಟಿನ ಹಿಡಿಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದೆ. ಹೊರಗೆ ಮಳೆ, ಒಳಗೆ ಸೆಕೆ. ಹೊಟ್ಟೆ, ತೊಡೆಯ ಮೇಲೆಲ್ಲ ನೀರುದೋಸೆಯ ಅಂಚಿನ ಹಾಗೆ ಸೊಟ್ಟಪಟ್ಟ ಕೆಂಪು ಗಂಧೆಗಳು. ಪಿತ್ತದ ಗಂಧೆ ಶುರುವಾಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಅಮ್ಮ ಪುನರ್ಪುಳಿ ಶರಬತ್ತು ಕುಡಿಸಿದ್ದಾಯಿತು. ಸಿಗಡಿ, ಬದನೆ ನಂಜು ಎಂದು ಬಿಡಿಸಿದ್ದಾಯಿತು. ಕುಡುಪಿನ ನಾಗನ ದೇವಸ್ಥಾನಕ್ಕೆ ಹೋಗಿ ಬಂದದ್ದೂ ಆಯಿತು. ಡಾಕ್ಟರು ಕೊಟ್ಟ ಮಾತ್ರೆಗೆ ತುರಿಕೆ ಇಳಿಯುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಆಗ ಪಕ್ಕದ ಮನೆಯ ಅಕ್ಕ ಹೇಳಿದರು: “ಒಮ್ಮೆ ಸೂಜಿ ಚುಚ್ಚಿಸಿ ನೋಡು ಮಾರಾಯ್ತಿ, ಹೋಗುವುದೆಂತ?”

ಹೋಗುವುದು ಏನೇನು ಅಂತ ಆಮೇಲೆ ಗೊತ್ತಾಯಿತು. ದುಡ್ಡು, ಸಮಯ, ಕೆಲವೊಮ್ಮೆ ಸರಿಯಾದ ಔಷಧಿಯೂ ಹೋಗುತ್ತದೆ. ಅಕ್ಯುಪಂಕ್ಚರ್ ಚರ್ಮರೋಗವನ್ನು ವಾಸಿ ಮಾಡುತ್ತದೆ ಎಂದು ನಂಬಿ ಹೋಗಬೇಡಿ. ತುರಿಕೆ ಸ್ವಲ್ಪ ತಗ್ಗಬಹುದು, ನಿದ್ದೆ ಸ್ವಲ್ಪ ಬರಬಹುದು. ಡಾಕ್ಟರ ಮದ್ದಿನ ಜೊತೆಗೆ ಇದೂ ಇರಲಿ ಅನ್ನುವವರಿಗೆ ಮಾತ್ರ ಮುಂದಿನ ಮಾತು.

ಮೊದಲು ಕಾಯಿಲೆಯ ಹೆಸರು ತಿಳಿಯಿರಿ

ಕರಾವಳಿಯಲ್ಲಿ ಈ ಹೆಜ್ಜೆ ತಪ್ಪಿಸಿದರೆ ಮುಂದಿನದೆಲ್ಲ ದಂಡ. ವರ್ಷದ ಹೆಚ್ಚಿನ ತಿಂಗಳು ಬೆವರು, ಮಳೆಗಾಲದಲ್ಲಿ ಒಣಗದ ಬಟ್ಟೆ. ತೊಡೆಸಂದಿಯಲ್ಲಿ, ಸೊಂಟದಲ್ಲಿ ಗಜಕರ್ಣ ಬರುವುದಕ್ಕೆ ಇನ್ನೇನು ಬೇಕು? ನಾವು ಮಾಡುವುದು ಏನು ಅಂದರೆ, ಮೆಡಿಕಲ್ ಶಾಪಿಗೆ ಹೋಗಿ “ತುರಿಕೆಗೆ ಒಂದು ಟ್ಯೂಬ್ ಕೊಡಿ” ಎನ್ನುವುದು. ಅವರು ಕೊಡುವ ಮಿಶ್ರಣದ ಕ್ರೀಮಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೂರು ದಿನ ಹಾಯೆನಿಸುತ್ತದೆ. ಆಮೇಲೆ ಶಿಲೀಂಧ್ರ ಒಳಗೊಳಗೇ ಹರಡಿ, ಕಲೆಯ ರೂಪವೇ ಬದಲಾಗಿ, ಡಾಕ್ಟರಿಗೂ ಥಟ್ಟನೆ ಗುರುತು ಸಿಗದ ಹಾಗೆ ಆಗುತ್ತದೆ. ಇದಕ್ಕೆ ಸೂಜಿ ಏನೂ ಮಾಡದು. ಶಿಲೀಂಧ್ರಕ್ಕೆ ಅದರದ್ದೇ ಮದ್ದು, ಅದೂ ವಾರಗಟ್ಟಲೆ.

ರಾತ್ರಿಯಾದರೆ ಮನೆಮಂದಿಗೆಲ್ಲ ತುರಿಕೆಯೇ? ಅದು ಕಜ್ಜಿ ಇರಬಹುದು. ಎಲ್ಲರೂ ಒಟ್ಟಿಗೆ ಮುಲಾಮು ಹಚ್ಚಬೇಕು. ಮಾಸಲು ಬಣ್ಣದ ಮಚ್ಚೆ, ಮುಟ್ಟಿದರೆ ಗೊತ್ತಾಗುವುದಿಲ್ಲವೇ? ಕುಷ್ಠದ ಪರೀಕ್ಷೆ ಮಾಡಿಸಿ. ಅದರ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಮಂಗಳೂರಿನವರಿಗೆ ವೆನ್ಲಾಕ್ ಇದೆ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇದೆ. ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ, ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಸಿಕೊಳ್ಳಿ.

ಆ ಹೆಸರು ಇಸುಬು ಅಥವಾ ಆರು ವಾರ ದಾಟಿದ ಪಿತ್ತದ ಗಂಧೆ ಆಗಿದ್ದರೆ ಸೂಜಿಯ ಮಾತು ಎತ್ತಬಹುದು. ಸೋರಿಯಾಸಿಸ್ ಆದರೆ ಸ್ವಲ್ಪ ನಿಲ್ಲಿ, ಅದರ ಕತೆ ಬೇರೆ. ಕೆಳಗೆ ಹೇಳುತ್ತೇನೆ.

ಸೂಜಿ ಮಾಡುವುದಾದರೂ ಏನು?

ಚೀನಾದ ಹಳೆಯ ವೈದ್ಯರನ್ನು ಕೇಳಿದರೆ ತುರಿಕೆ ಅಂದರೆ ಮೈಯೊಳಗೆ ಹೊಕ್ಕ ಗಾಳಿ, ರಕ್ತಕ್ಕೆ ಏರಿದ ಉಷ್ಣ. ನಮ್ಮ ಪಿತ್ತ, ನಂಜುಗಳ ದೂರದ ನೆಂಟರು ಅನ್ನಿ. ಇವತ್ತಿನ ವಿವರಣೆ ನರಗಳದ್ದು. ತುರಿಕೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ತೀರ ತೆಳುವಾದ ನರತಂತುಗಳು. ಸೂಜಿ ಚುಚ್ಚಿದಾಗ ಬೇರೆ ತಂತುಗಳು ಎಚ್ಚರಗೊಂಡು, ಬೆನ್ನುಹುರಿಯಲ್ಲೇ ಆ ಸುದ್ದಿಯನ್ನು ಅಡಗಿಸುತ್ತವೆ ಎನ್ನುತ್ತಾರೆ. ಕೆರೆದುಕೊಂಡಾಗ ತುರಿಕೆ ಒಂದು ಗಳಿಗೆ ನಿಲ್ಲುತ್ತದಲ್ವಾ, ಹೆಚ್ಚುಕಡಿಮೆ ಅದೇ ದಾರಿ. ಇಲ್ಲಿ ಚರ್ಮ ಮಾತ್ರ ಕಿತ್ತುಹೋಗುವುದಿಲ್ಲ.

ಪುರಾವೆ ಎಷ್ಟಿದೆ? ಇಸುಬು ಇದ್ದವರ ಮೇಲೆ ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆದ ಒಂದು ಪ್ರಯೋಗ 2010ರಲ್ಲಿ ಪ್ರಕಟವಾಯಿತು. ತುರಿಕೆ ಇಳಿದದ್ದು ಅಲ್ಲಿ ದಾಖಲಾಯಿತು, ಆದರೆ ಇದ್ದವರು ಬರೀ 30 ಜನ. ಹಳೆಯ ಪಿತ್ತದ ಗಂಧೆಯ ಬಗ್ಗೆ ಚೀನಾದಲ್ಲೇ 330 ಜನರ ಮೇಲೆ ನಡೆದ ಅಧ್ಯಯನ 2023ರಲ್ಲಿ ಬಂತು. ನಿಜವಾದ ಸೂಜಿಯವರಿಗೂ ಸುಮ್ನೆ ತೋರಿಕೆಗೆ ಚುಚ್ಚಿಸಿಕೊಂಡವರಿಗೂ ವ್ಯತ್ಯಾಸ ಇತ್ತು. ಆದರೆ ರೋಗಿಗೆ ‘ಹೌದು, ಕಡಿಮೆಯಾಯಿತು’ ಅನಿಸಲು ಬೇಕಾದಷ್ಟು ದೊಡ್ಡದಿರಲಿಲ್ಲ. ನನ್ನ ಲೆಕ್ಕದಲ್ಲಿ ಇದು ಬಾಗಿಲು ಮುಚ್ಚುವ ಫಲಿತಾಂಶವಲ್ಲ. ಮನೆ ಅಡವಿಟ್ಟು ಹೋಗುವಂಥದ್ದೂ ಅಲ್ಲ.

ಯಾರ ಹತ್ತಿರ ಹೋಗಬೇಕು?

ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ಹಿಂದಿ ಚೀನಿ ಭಾಯಿ ಭಾಯಿ ಕಾಲದಲ್ಲಿ. 1938ರಲ್ಲಿ ಯುದ್ಧದ ಗಾಯಾಳುಗಳ ಆರೈಕೆಗೆಂದು ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋಗಿದ್ದ ವೈದ್ಯರಲ್ಲಿ ಡಾ. ಬಿಜಯ್ ಕುಮಾರ್ ಬಸು ಒಬ್ಬರು. ಅವರು ಮತ್ತೊಮ್ಮೆ ಅಲ್ಲಿಗೆ ಹೋಗಿ ಸೂಜಿಯ ಕೆಲಸ ಕಲಿತು 1959ರಲ್ಲಿ ಕೋಲ್ಕತ್ತಾಗೆ ತಂದರು. ಕೇಂದ್ರ ಸರ್ಕಾರ ಇದನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಎಂದು ಒಪ್ಪಿದ್ದು 2019ರಲ್ಲಿ.

ನಮ್ಮ ಕಡೆ ಒಂದು ಅನುಕೂಲವಿದೆ. ಉಜಿರೆಯಲ್ಲಿ, ಮೂಡುಬಿದಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜುಗಳಿವೆ. ಅಲ್ಲಿನ ಬಿಎನ್‌ವೈಎಸ್ ಪದವಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು, ಅಕ್ಯುಪಂಕ್ಚರ್ ಅದರ ಪಾಠದಲ್ಲೇ ಇದೆ. ಹಾಗಾಗಿ ಬೋರ್ಡಿನಲ್ಲಿ ಡಾಕ್ಟರ ಹೆಸರಿನ ಮುಂದೆ ಏನಿದೆ ನೋಡಿ. ಬಿಎನ್‌ವೈಎಸ್ ಇರಲಿ, ಎಂಬಿಬಿಎಸ್ ಮಾಡಿ ಮತ್ತೆ ಇದನ್ನು ಕಲಿತವರಿರಲಿ, ತೊಂದರೆಯಿಲ್ಲ. ಎರಡು ಭಾನುವಾರದ ಕೋರ್ಸ್ ಮಾಡಿ ದೊಡ್ಡ ಫ್ರೇಮಿನ ಸರ್ಟಿಫಿಕೇಟ್ ತೂಗುಹಾಕಿದವರೂ ಇದ್ದಾರೆ, ಜಾಗ್ರತೆ. ಖಾಸಗಿ ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಬೇಕು, ಆ ಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ಕಾಣದಿದ್ದರೆ ಕೇಳಿ. ಕೇಳುವುದಕ್ಕೆ ನಾಚಿಕೆ ಏನು?

ನಾನು ಮೊದಲು ಹೋದ ಕಡೆ ಆದದ್ದು ಹೇಳುತ್ತೇನೆ. ಕುರ್ಚಿಯಲ್ಲಿ ಕೂರುವ ಮೊದಲೇ 20 ಸಲದ ಪ್ಯಾಕೇಜಿನ ದುಡ್ಡು ಕೇಳಿದರು. ಮಾತ್ರೆ ಇವತ್ತಿಂದಲೇ ಬಿಡಿ, ವಿಷ ಅದು ಎಂದರು. ಜೊತೆಗೆ ಹೆಸರಿಲ್ಲದ ಒಂದು ಪುಡಿಯ ಪೊಟ್ಟಣ. ಚಪ್ಪಲಿ ಹಾಕಿಕೊಂಡು ಎದ್ದು ಬಂದೆ. ಇಂಥ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಸೋರಿಯಾಸಿಸ್‌ನವರು ಸ್ಟೀರಾಯ್ಡ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಮೈತುಂಬ ಕೀವಿನ ಗುಳ್ಳೆ ಎದ್ದು ಆಸ್ಪತ್ರೆ ಸೇರಬೇಕಾಗಬಹುದು.

ಹೋಗುವ ಮೊದಲಿನ ವಾರ

ಒಂದು ಚಿಕ್ಕ ನೋಟ್‌ಬುಕ್ ಇಡಿ. ಗಂಧೆಯವರಿಗೆ ಡಾಕ್ಟರುಗಳೇ ಬಳಸುವ ಸುಲಭದ ಲೆಕ್ಕ ಒಂದಿದೆ. ದಿನಕ್ಕೆ ಗಂಧೆಗೆ 0ಯಿಂದ 3, ತುರಿಕೆಗೆ 0ಯಿಂದ 3 ಅಂಕ. ಗಂಧೆ ಇಲ್ಲವೇ ಇಲ್ಲ ಅಂದರೆ 0, 20ಕ್ಕಿಂತ ಕಡಿಮೆ ಇದ್ದರೆ 1, 50ರವರೆಗೆ 2, ಅದಕ್ಕೂ ಜಾಸ್ತಿ ಅಥವಾ ಒಂದಕ್ಕೊಂದು ಕೂಡಿಕೊಂಡಿದ್ದರೆ 3. ಏಳು ದಿನ ಕೂಡಿಸಿ, ಹೆಚ್ಚೆಂದರೆ 42. ನನ್ನ ಮೊದಲ ವಾರ 31 ಬಂತು. ಇಸುಬಿನವರು ತುರಿಕೆಗೆ ಹತ್ತರಲ್ಲಿ ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂದು ಬರೆದರೆ ಸಾಕು. ಒಂದೇ ಜಾಗದ ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆದಿಡಿ. ಇದೊಂದು ಇಲ್ಲದಿದ್ದರೆ ತಿಂಗಳಾದ ಮೇಲೆ ‘ಏನೋ ಸ್ವಲ್ಪ ಕಡಿಮೆ’ ಅನ್ನುವ ಮಾತು ಬಿಟ್ಟರೆ ಕೈಯಲ್ಲಿ ಏನೂ ಇರುವುದಿಲ್ಲ.

ಚಿಕಿತ್ಸೆ ಕೊಡುವವರಿಗೆ ಎಲ್ಲವನ್ನೂ ಹೇಳಿ. ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆ, ಗರ್ಭ, ಮೆಥೊಟ್ರೆಕ್ಸೇಟ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ. ಪೇಸ್‌ಮೇಕರ್ ಇದ್ದವರು ಸೂಜಿಗೆ ಕರೆಂಟ್ ಕೊಡಿಸಿಕೊಳ್ಳಬಾರದು. ಆನೆಕಾಲಿನಿಂದ ಬಾತ ಕಾಲಿಗೆ ಸೂಜಿ ಬೇಡ. ನಕಲಿ ಒಡವೆ ಹಾಕಿದರೆ ಕಿವಿ ತುರಿಸುವವರು ಅದನ್ನೂ ಹೇಳಬೇಕು. ಅದು ನಿಕ್ಕಲ್ ಅಲರ್ಜಿ, ಸ್ಟೀಲ್ ಸೂಜಿಯಲ್ಲೂ ನಿಕ್ಕಲ್ ಇರುತ್ತದೆ.

ಈಗ ಸೋರಿಯಾಸಿಸ್. ಚರ್ಮಕ್ಕೆ ಪೆಟ್ಟು ಬಿದ್ದಲ್ಲೇ ಹೊಸ ಕಲೆ ಏಳುವುದು ಈ ಕಾಯಿಲೆಯ ಕೆಟ್ಟ ಬುದ್ಧಿ. ಜರ್ಮನಿಯ ವೈದ್ಯ ಕೋಬ್ನರ್ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ತೊನ್ನಿನವರಿಗೂ ಹೀಗಾಗುತ್ತದೆ. ಸೂಜಿಯೂ ಒಂದು ಪುಟ್ಟ ಪೆಟ್ಟೇ ತಾನೆ? ಅದಕ್ಕೇ ಮೊದಲ ದಿನ ಒಂದೆರಡು ಸೂಜಿ ಮಾತ್ರ ಹಾಕಿಸಿ, ಎರಡು ವಾರ ಕಾದು ನೋಡಿ. ಚುಚ್ಚಿದ ಜಾಗ ಕೆಂಪಾಗಿ ಪದರ ಏಳಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ.

ಆ ದಿನ

ಹೊಟ್ಟೆ ಖಾಲಿ ಇಟ್ಟು ಹೋಗಬೇಡಿ, ತಲೆ ಸುತ್ತುತ್ತದೆ. ನಾನು ಗಂಜಿ, ಉಪ್ಪಿನಕಾಯಿ ಉಂಡೇ ಹೋಗಿದ್ದೆ. ಮೊಣಕೈ, ಮೊಣಕಾಲಿನವರೆಗೆ ಮಡಚಲು ಬರುವ ಸಡಿಲ ಬಟ್ಟೆ ಇರಲಿ.

ಮಲಗಿದ ಮೇಲೆ ಕಣ್ಣು ಮುಚ್ಚಿಕೊಳ್ಳುವ ಮೊದಲು ಮೂರು ವಿಷಯ ನೋಡಿ. ಡಾಕ್ಟರು ಕೈ ತೊಳೆದರೇ? ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಹರಿದರೇ? ಬಳಸಿದ ಸೂಜಿ ಗಟ್ಟಿಯಾದ ಬಿಳಿ ಡಬ್ಬಿಗೆ ಬಿತ್ತೇ? ಕುದಿಸಿ ಮತ್ತೆ ಬಳಸುತ್ತೇವೆ ಎಂದರೆ ಎದ್ದು ಬನ್ನಿ.

ಸೂಜಿ ಕಾಲು ಮಿಲಿಮೀಟರ್ ದಪ್ಪ, ಇಂಜೆಕ್ಷನ್ ಸೂಜಿಯ ಅರ್ಧವೂ ಇಲ್ಲ. ನನಗೆ ಮೊದಲನೆಯದು ಹಾಕಿದ್ದು ಮೊಣಕೈಗೆ. ಕೈ ಮಡಚಿದಾಗ ಗೆರೆ ಮುಗಿಯುವ ಹೊರತುದಿಯಲ್ಲಿ. ತುರಿಕೆಗೆ ಚೀನಾದವರು ಹೆಚ್ಚು ನಂಬುವ ಬಿಂದು ಅದು, ಚ್ಯೂಚಿ ಎಂದು ಹೆಸರು. ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮದ ಮೇಲೆ ಊರಿ, ಬೆರಳಿನಿಂದ ಟಕ್ ಎಂದು ಬಡಿದರು. ಇರುವೆ ಕಚ್ಚಿದಷ್ಟು. ಆಮೇಲೆ ಸೂಜಿಯನ್ನು ಮೆಲ್ಲ ತಿರುಗಿಸಿದಾಗ ಮುಂಗೈವರೆಗೆ ಒಂದು ಮಂಕು ಭಾರ ಇಳಿಯಿತು, ಜೋಮು ಹಿಡಿಯುವ ಮೊದಲು ಆಗುತ್ತದಲ್ಲ, ಹಾಗೆ. ಅದು ಬರಬೇಕಾದದ್ದೇ. ಚುರುಕ್ ಎಂದು ಕರೆಂಟ್ ಹೊಡೆದ ಹಾಗಾದರೆ ಮಾತ್ರ ತಕ್ಷಣ ಹೇಳಿ. ಇನ್ನೊಂದು ಸೂಜಿ ಮೊಣಕಾಲಿನ ಚಿಪ್ಪಿನ ಒಳಬದಿಯಿಂದ ಸ್ವಲ್ಪ ಮೇಲೆ. ಅದರ ಹೆಸರು ಶ್ಯುಎಹಾಯ್, ಅಂದರೆ ರಕ್ತದ ಸಮುದ್ರ. ಹೀಗೆ ಎಂಟು ಸೂಜಿ, 25 ನಿಮಿಷ. ಫ್ಯಾನಿನ ಸದ್ದು ಕೇಳುತ್ತಾ ನಿದ್ದೆ ಹೋಗಿಬಿಟ್ಟೆ.

ಗಾಯವಾದ, ನೀರು ಸೋರುವ ಇಸುಬಿನ ಮೇಲೆ ಸೂಜಿ ಹಾಕಲು ಬಿಡಬೇಡಿ, ಸೋಂಕು ಒಳಗೆ ಹೋಗುತ್ತದೆ. ಎದೆ, ಹೆಗಲಿನ ಮೇಲೆ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುವ ಅಪಾಯವಿದೆ, ಚರ್ಮದ ತುರಿಕೆಗೆ ಅದರ ಅಗತ್ಯವೂ ಇಲ್ಲ. ಶಾಖದ ದೀಪ, ಕಪ್ಪಿಂಗ್ (ಬಿಸಿ ಮಾಡಿದ ಬಟ್ಟಲನ್ನು ಮೈಗೆ ಅಂಟಿಸುವುದು) ಎಂದು ಬಿಲ್ಲಿಗೆ ಸೇರಿಸಲು ಬಂದರೆ ಬೇಡ ಎನ್ನಿ. ಬಿಸಿ ತಾಗಿದರೆ ತುರಿಕೆ ಇನ್ನೂ ಏರುತ್ತದೆ. ಮೇ ತಿಂಗಳಲ್ಲಿ ಮಂಗಳೂರಿನ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ

ಚುಚ್ಚಿದಲ್ಲಿ ಒಂದು ಹನಿ ರಕ್ತ, ಸಣ್ಣ ನೀಲಿ ಗುರುತು ಸಹಜ. ಎರಡು ದಿನದ ಮೇಲೂ ಕೆಂಪು, ನೋವು, ಕೀವು ಇದ್ದರೆ ಡಾಕ್ಟರಿಗೆ ತೋರಿಸಿ. ಗಂಧೆಯ ಜೊತೆ ತುಟಿ, ನಾಲಿಗೆ ಬಾತು ಉಸಿರು ಕಟ್ಟಿದರೆ ಸೂಜಿಯವರಿಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ತುರ್ತು ಚಿಕಿತ್ಸೆಗೆ ಓಡಿ.

ಮಾತ್ರೆ, ಮುಲಾಮು ಎಲ್ಲವೂ ಮೊದಲಿನಂತೆಯೇ ನಡೆಯಲಿ. ಸ್ನಾನವಾದ ಕೂಡಲೇ, ಮೈ ಇನ್ನೂ ಪಸೆಯಿರುವಾಗ ಮಾಯಿಶ್ಚರೈಸರ್ ಅಥವಾ ಶುದ್ಧ ತೆಂಗಿನೆಣ್ಣೆ ಹಚ್ಚುವುದನ್ನು ಇಸುಬಿನವರು ಬಿಡಬಾರದು.

ವಾರಕ್ಕೆ ಎರಡರಂತೆ ನಾಲ್ಕು ವಾರ ನೋಡಿ. ಅಂಕ ಇಳಿಯದಿದ್ದರೆ ನಮಸ್ಕಾರ ಹೇಳಿ ಬನ್ನಿ. ಇಳಿದರೆ ಇನ್ನೊಂದು ತಿಂಗಳು ವಾರಕ್ಕೊಂದು ಸಾಕು. ದುಡ್ಡು ಮಾತ್ರ ಆಯಾ ದಿನದ್ದು ಆಯಾ ದಿನ ಕೊಡಿ.

ಎಂಟನೇ ವಾರ ನನ್ನ ನೋಟ್‌ಬುಕ್ಕಿನಲ್ಲಿ 14 ಬಂತು. ಆದರೆ ಮೂರನೇ ವಾರದಲ್ಲಿ ಚರ್ಮದ ಡಾಕ್ಟರು ಮಾತ್ರೆಯನ್ನು ಒಂದರಿಂದ ಎರಡಕ್ಕೆ ಏರಿಸಿದ್ದರು. ಆ ಪುಟದಲ್ಲಿ ಅದನ್ನೂ ಬರೆದಿಟ್ಟಿದ್ದೇನೆ. ಇಳಿದದ್ದು ಯಾವುದರಿಂದ ಎಂದು ಪಕ್ಕದ ಮನೆಯ ಅಕ್ಕನನ್ನು ಕೇಳಿದರೆ ಸೂಜಿಯಿಂದ ಎನ್ನುತ್ತಾರೆ, ಡಾಕ್ಟರು ಮಾತ್ರೆಯಿಂದ ಎನ್ನುತ್ತಾರೆ. ಅಮ್ಮ ಈಗಲೂ ಪುನರ್ಪುಳಿಯ ಲೋಟ ಹಿಡಿದೇ ನಿಂತಿದ್ದಾರೆ.