ವರ್ಷಕ್ಕೆ ನಾಲ್ಕಾರು ದಿನ ಬೀಳುವ ಹಿಮಕ್ಕೆ ವಿಂಟರ್ ಟೈರ್ ಬೇಕೇ?

ಅಪರೂಪಕ್ಕೆ ಹಿಮ ಬೀಳುವ ಕಡೆ ವಿಂಟರ್ ಟೈರ್ ಬೇಕೋ ಬೇಡವೋ ಎಂಬ ಮಾತು ಬಂದಾಗ ಎಲ್ಲರೂ ಮೊದಲು ಹಿಮದ ದಿನಗಳನ್ನು ಎಣಿಸುತ್ತಾರೆ. ನಾನು ಆ ಎಣಿಕೆಯನ್ನು ಕೊನೆಗಿಟ್ಟುಕೊಂಡು ಎರಡು ಸಂಗತಿ ಮೊದಲು ನೋಡುತ್ತೇನೆ: ದಿನಾ ಓಡಾಡುವ ದಾರಿಯಲ್ಲಿ ಅತಿ ಕಡಿದಾದ ಇಳಿಜಾರು ಎಷ್ಟು, ಮತ್ತು ಹಿಮ ಬಿದ್ದ ಬೆಳಿಗ್ಗೆ ಕಾರು ಹೊರಗೆ ತೆಗೆಯದೆ ನಡೆಯುತ್ತದೆಯೇ. ಮುಕ್ಕಾಲು ತೀರ್ಮಾನ ಇಲ್ಲೇ ಆಗಿಬಿಡುತ್ತದೆ.

ಇಳಿಜಾರಿಗೆ ಇಷ್ಟು ಮಹತ್ವ ಏಕೆಂದರೆ ಅಲ್ಲಿ ಟೈರುಗಳ ವ್ಯತ್ಯಾಸ ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿ. ಕಾರು ನಿಲ್ಲಲು ಬೇಕಾದ ದೂರವೆಂದರೆ ವೇಗದ ವರ್ಗವನ್ನು ಘರ್ಷಣೆಯ ಗುಣಾಂಕ (ಟೈರು ರಸ್ತೆಯನ್ನು ಎಷ್ಟು ಹಿಡಿಯುತ್ತದೆ ಎಂಬ ಅಂಕಿ), ಗುರುತ್ವದ 9.81 ಮತ್ತು 2ರ ಗುಣಲಬ್ಧದಿಂದ ಭಾಗಿಸಿದ್ದು. ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಳ್ಳಬೇಕು. ವಾಹನ ಓಡಾಡಿ ಗಟ್ಟಿಯಾದ ಹಿಮದ ಮೇಲೆ ಬೇಸಿಗೆ ಟೈರಿಗೆ ಗುಣಾಂಕ 0.15, ವಿಂಟರ್ ಟೈರಿಗೆ 0.3 ಎಂದಿಟ್ಟುಕೊಳ್ಳೋಣ. ಹಿಮ ಹೇಗಿದೆ ಎಂಬುದರ ಮೇಲೆ ಈ ಅಂಕಿ ಹೆಚ್ಚುಕಡಿಮೆ ಆಗುತ್ತದೆ, ಆದರೆ ಅನುಪಾತ ತಿಳಿಯಲು ಇಷ್ಟು ಸಾಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಬೇಸಿಗೆ ಟೈರಿನ ಕಾರು ಸುಮಾರು 24 ಮೀಟರಿಗೆ ನಿಲ್ಲುತ್ತದೆ, ವಿಂಟರ್ ಟೈರಿನದು 12ಕ್ಕೆ. ಶೇ 8ರ ಇಳಿಜಾರಿನಲ್ಲಿ, ಅಂದರೆ 100 ಮೀಟರಿಗೆ 8 ಮೀಟರ್ ಇಳಿಯುವ ಕಡೆ, ಗುಣಾಂಕದಿಂದ 0.08 ಕಳೆಯಬೇಕು. ಈಗ ಬೇಸಿಗೆ ಟೈರಿಗೆ 51 ಮೀಟರ್ ಬೇಕು, ವಿಂಟರ್ ಟೈರಿಗೆ 16. ಎರಡು ಪಟ್ಟಿದ್ದದ್ದು ಮೂರು ಪಟ್ಟನ್ನೂ ದಾಟಿತು. ಶೇ 15ರ ಇಳಿಜಾರಿನಲ್ಲಿ ಬೇಸಿಗೆ ಟೈರಿಗೆ ಉಳಿಯುವುದು ಸೊನ್ನೆ. ಅಂದರೆ ಬ್ರೇಕ್ ಒತ್ತಿ ಹಿಡಿದರೂ ಕಾರು ಕೆಳಗಿನವರೆಗೆ ಜಾರುತ್ತಲೇ ಹೋಗುತ್ತದೆ.

ಇಳಿಜಾರು ಅಳೆಯಲು ಮೊಬೈಲಿನ ಲೆವೆಲ್ ಆ್ಯಪ್ ಸಾಕು. ರಸ್ತೆಯ ಮೇಲೆ ಒಂದು ನೇರ ಹಲಗೆ ಇಟ್ಟು ಅದರ ಮೇಲೆ ಫೋನ್ ಇಡಿ. ನಾಲ್ಕೂವರೆ ಡಿಗ್ರಿ ತೋರಿಸಿದರೆ ಹೆಚ್ಚೂಕಡಿಮೆ ಶೇ 8, ಎಂಟೂವರೆ ಡಿಗ್ರಿ ಆದರೆ ಶೇ 15. ದಾರಿಯಲ್ಲೆಲ್ಲೂ ಶೇ 5 ದಾಟದಿದ್ದರೆ ಮತ್ತು ಹಿಮ ಕರಗುವ ತನಕ ಮನೆಯಲ್ಲಿರಬಹುದಾದರೆ ವಿಂಟರ್ ಟೈರ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ರಾತ್ರಿ ಪಾಳಿಯ ನರ್ಸ್ ಅಥವಾ ಡಯಾಲಿಸಿಸ್‌ಗೆ ಯಾರನ್ನಾದರೂ ಕರೆದೊಯ್ಯಬೇಕಾದವರು ಹಾಗೆ ಕಾಯುವಂತಿಲ್ಲ, ಅವರ ಲೆಕ್ಕ ಬೇರೆ. ಮುಖ್ಯರಸ್ತೆಯ ಹಿಮವನ್ನು ಬೇಗ ತೆಗೆಯುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಮನೆಯ ಮುಂದಿನ ಓಣಿಯ ಮೊದಲ ಅರ್ಧ ಕಿಲೋಮೀಟರಿನಲ್ಲಿ.

ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕಾರು ಇದೆ, ನಮಗೇಕೆ ಟೈರ್ ಎನ್ನುವವರು ಕಡಿಮೆಯಿಲ್ಲ. ಆ ವ್ಯವಸ್ಥೆ ಕಾರನ್ನು ಹೊರಡಿಸುತ್ತದೆ, ಏರು ಹತ್ತಿಸುತ್ತದೆ. ಬ್ರೇಕ್ ಹಾಕುವುದು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳೇ, ಆದ್ದರಿಂದ ನಿಲ್ಲುವಾಗ ಅದರಿಂದ ಯಾವ ಲಾಭವೂ ಇಲ್ಲ. ಲಾಭದ ಬದಲು ಅಪಾಯವೇ ಹೆಚ್ಚು, ಏಕೆಂದರೆ ಸಲೀಸಾಗಿ ಹೊರಟ ಕಾರು ಚಾಲಕನಿಗೆ ರಸ್ತೆ ಎಷ್ಟು ಜಾರುತ್ತಿದೆ ಎಂಬುದನ್ನು ತಿಳಿಸುವುದೇ ಇಲ್ಲ.

ವಿಂಟರ್ ಟೈರಿನ ರಬ್ಬರಿನಲ್ಲಿ ಸಿಲಿಕಾ ಮತ್ತು ನೈಸರ್ಗಿಕ ರಬ್ಬರಿನ ಪಾಲು ಹೆಚ್ಚು, ಹಾಗಾಗಿ ಚಳಿಯಲ್ಲೂ ಅದು ಮೆದುವಾಗಿ ಉಳಿಯುತ್ತದೆ. ಇದಕ್ಕಿಂತ ಕೆಳಗೆ ವಿಂಟರ್ ಟೈರೇ ಮೇಲು ಎಂದು ಎಲ್ಲರೂ ಹೇಳುವ 7 ಡಿಗ್ರಿ ಸೆಲ್ಸಿಯಸ್ ಒಂದು ಅಂದಾಜು ಗೆರೆ ಮಾತ್ರ, ಅಲ್ಲಿ ಬೇಸಿಗೆ ಟೈರ್ ಇದ್ದಕ್ಕಿದ್ದಂತೆ ಕೈಕೊಡುವುದಿಲ್ಲ, ಕ್ರಮೇಣ ಗಡುಸಾಗುತ್ತಾ ಹೋಗುತ್ತದೆ. ಇನ್ನೊಂದು, ಬಟನ್‌ಗಳ (ರಸ್ತೆಗೆ ತಾಗುವ ರಬ್ಬರಿನ ಉಬ್ಬುಗಳ) ಮೇಲಿನ ಕೂದಲೆಳೆ ಸೀಳುಗಳು. ಇವುಗಳ ಅಂಚು ಹಿಮವನ್ನು ಕಚ್ಚುತ್ತದೆ, ಅಗಲ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ. ಹಿಮ ಹಿಮಕ್ಕೆ ಚೆನ್ನಾಗಿ ಅಂಟುವುದರಿಂದ ಹೀಗೆ ತುಂಬಿಕೊಂಡದ್ದೇ ಹಿಡಿತ ಕೊಡುತ್ತದೆ. ಕಾಲುವೆಯ ಆಳ 4 ಮಿ.ಮೀ.ಗಿಂತ ಕಡಿಮೆಯಾದರೆ ಇದೆಲ್ಲ ಹೊರಟುಹೋಗುತ್ತದೆ. ಹಲವು ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿ.ಮೀ. ಇದೆ, ಹಿಮಕ್ಕೆ ಆ ಮಿತಿಯಿಂದ ಏನೂ ಪ್ರಯೋಜನವಿಲ್ಲ.

ಮಂಜುಗಡ್ಡೆಯ ವಿಷಯದಲ್ಲಿ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಅಪರೂಪದ ಹಿಮ ಬೀಳುವ ಜಾಗಗಳಲ್ಲಿ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ಸುಳಿದಾಡುತ್ತದೆ. ಹಗಲು ಕರಗಿದ್ದು ರಾತ್ರಿ ಗಟ್ಟಿಯಾಗುತ್ತದೆ. ಸೊನ್ನೆಗೆ ಹತ್ತಿರದ ಮಂಜುಗಡ್ಡೆಯ ಮೇಲೆ ನೀರಿನ ತೆಳು ಪದರ ಇರುವುದರಿಂದ ಅದು ಮೈನಸ್ 15ರ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ. ಅದರ ಮೇಲೆ ಯಾವ ಟೈರ್ ಇದ್ದರೂ ಇಳಿಜಾರಿಗೆ ಇಳಿಯದಿರುವುದೇ ಸರಿ.

ಮನೆಯಲ್ಲಿ ಇರಲಾಗದ, ಆದರೆ ಹಿಮವೂ ವರ್ಷಕ್ಕೆ ನಾಲ್ಕಾರು ದಿನವಷ್ಟೇ ಬೀಳುವ ಹೆಚ್ಚಿನವರಿಗೆ ನನ್ನ ಸಲಹೆ ಹಿಮದ ಗುರುತಿರುವ ಆಲ್ ಸೀಸನ್ ಟೈರ್, ಅಂದರೆ ವರ್ಷವಿಡೀ ಓಡಿಸುವ ಟೈರ್. ಟೈರಿನ ಪಕ್ಕದ ಗೋಡೆಯ ಮೇಲೆ ಮೂರು ಶಿಖರಗಳ ಪರ್ವತ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ ನೋಡಿ. ಅಮೆರಿಕ ಮತ್ತು ಕೆನಡಾದ ಟೈರ್ ಉದ್ಯಮ 1999ರಲ್ಲಿ ತಂದ ಗುರುತು ಅದು. ಒಂದು ಮಾನಕ ಟೈರಿಗೆ ಹೋಲಿಸಿ ಹಿಮದ ಮೇಲಿನ ಹಿಡಿತ ಅಳೆದ ಮೇಲೆಯೇ ಕೊಡುತ್ತಾರೆ. ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಅದಕ್ಕೆ ಪರೀಕ್ಷೆಯ ಆಧಾರವಿಲ್ಲ, ಬಟನ್‌ಗಳ ವಿನ್ಯಾಸ ನೋಡಿ ಹಾಕಿದ ಅಕ್ಷರ ಅಷ್ಟೇ. 2015ರಲ್ಲಿ ಮಿಷೆಲಿನ್ ಕ್ರಾಸ್‌ಕ್ಲೈಮೇಟ್ ಬಂದಮೇಲೆ, ಬೇಸಿಗೆಯ ಗುಣ ಹೆಚ್ಚು ಬಿಟ್ಟುಕೊಡದೆ ಈ ಚಿಹ್ನೆಯನ್ನೂ ಪಡೆದ ಆಲ್ ಸೀಸನ್ ಟೈರುಗಳು ಬೇಕಾದಷ್ಟು ಸಿಗುತ್ತವೆ. ಚಿಹ್ನೆ ಹೇಳುವುದು ಹಿಮದ ಬಗ್ಗೆ ಮಾತ್ರ. ಮಂಜುಗಡ್ಡೆಗೆ ಯುರೋಪಿನ ಲೇಬಲ್ಲಿನಲ್ಲಿ 2021ರ ಮೇ ತಿಂಗಳಿಂದ ಪ್ರತ್ಯೇಕ ಗುರುತಿದೆ, ಅದು ಇರುವುದು ಹೆಚ್ಚಾಗಿ ಉತ್ತರ ಯುರೋಪಿನ ಕಡುಚಳಿಗೆಂದು ಮಾಡಿದ ನಾರ್ಡಿಕ್ ಮಾದರಿಯ ಮೆದು ಟೈರುಗಳ ಮೇಲೆ. ಆ ಮಾದರಿ ಒದ್ದೆ ಡಾಂಬರಿನ ಮೇಲೆ ಮಧ್ಯ ಯುರೋಪಿನ ಮಾದರಿಯಷ್ಟು ಚೆನ್ನಾಗಿ ನಿಲ್ಲುವುದಿಲ್ಲ, ಆದ್ದರಿಂದ ಅಪರೂಪದ ಹಿಮಕ್ಕೆ ಅದು ತಪ್ಪು ಆಯ್ಕೆ.

ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡು ಸೆಟ್ ಯಾರಿಗೆ? ದಾರಿಯಲ್ಲಿ ಶೇ 10ರ ಇಳಿಜಾರು ಇರುವವರಿಗೆ, ಹೊರಡಲೇಬೇಕಾದವರಿಗೆ, ಜೊತೆಗೆ ವರ್ಷಕ್ಕೆ ಸಾಕಷ್ಟು ಓಡಿಸುವವರಿಗೆ. ಕೊನೆಯ ಷರತ್ತನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲವಾದ್ದರಿಂದ ಎರಡನೆಯ ಸೆಟ್ಟಿನ ಹಣ ಪೂರ್ತಿ ಹೆಚ್ಚುವರಿ ಖರ್ಚಲ್ಲ. ಆದರೆ ರಬ್ಬರಿಗೂ ವಯಸ್ಸಾಗುತ್ತದೆ. ಒಂದು ಸೆಟ್ 40,000 ಕಿ.ಮೀ. ಬಾಳುತ್ತದೆ ಎಂದುಕೊಂಡರೆ, ವರ್ಷಕ್ಕೆ 12,000 ಓಡಿಸುವವರಿಗೆ ಎರಡು ಸೆಟ್ ಸುಮಾರು ಆರೂಮುಕ್ಕಾಲು ವರ್ಷದಲ್ಲಿ ಮುಗಿಯುತ್ತವೆ, ಲೆಕ್ಕ ಸರಿಹೋಯಿತು. ವರ್ಷಕ್ಕೆ 5,000 ಓಡಿಸುವವರಿಗೆ 16 ವರ್ಷ ಬೇಕು. ಅಷ್ಟರಲ್ಲಿ ಎರಡೂ ಸೆಟ್ ಒಣಗಿ ಬಿರುಕುಬಿಟ್ಟಿರುತ್ತವೆ. ಈ ಭಾಗಾಕಾರದ ಉತ್ತರ 8 ದಾಟಿದರೆ ನಾನು ಎರಡು ಸೆಟ್ ಮಾತೇ ಎತ್ತುವುದಿಲ್ಲ. ಕೊಳ್ಳುವಾಗ ತಯಾರಿಕೆಯ ದಿನಾಂಕವನ್ನೂ ಓದಿ: 3623 ಎಂದಿದ್ದರೆ 2023ರ 36ನೇ ವಾರ.

ಎರಡು ಸೆಟ್ ಅಂದಮೇಲೆ ರಿಮ್ ಸಮೇತ ತಗೊಳ್ಳಿ. ಒಂದೇ ರಿಮ್ಮಿಗೆ ಆರು ತಿಂಗಳಿಗೊಮ್ಮೆ ಟೈರ್ ಬಿಚ್ಚಿ ಹಾಕಿದರೆ ಅಂಚಿನ ಬೀಡ್ (ರಿಮ್ಮಿಗೆ ಬಿಗಿಯಾಗಿ ಕೂರುವ ಭಾಗ) ಹಾಳಾಗುತ್ತದೆ, ಪ್ರತಿ ಸಲ ಬ್ಯಾಲೆನ್ಸಿಂಗ್ ಬೇರೆ. ತಯಾರಕರು ಒಪ್ಪಿರುವ ಅಳತೆಗಳಲ್ಲಿ ಚಿಕ್ಕ ರಿಮ್, ಕಿರಿದಾದ ಟೈರ್ ಆರಿಸಿಕೊಳ್ಳುತ್ತೇನೆ. ಉದಾಹರಣೆಗೆ 225/45 ಆರ್ 17 ಬದಲು 205/55 ಆರ್ 16 (ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ, ಎರಡನೆಯದು ಅಗಲದ ಶೇಕಡಾವಾರಿನಲ್ಲಿ ಪಕ್ಕದ ಗೋಡೆಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ ವ್ಯಾಸ). ಹೊರವ್ಯಾಸ 634 ಮಿ.ಮೀ.ನಿಂದ 632ಕ್ಕೆ ಬರುತ್ತದೆ, ಸ್ಪೀಡೋಮೀಟರಿಗೆ ಅದು ಗೊತ್ತೂ ಆಗುವುದಿಲ್ಲ. ಕಿರಿದಾದ ಟೈರ್ ಹಿಮವನ್ನು ಕೊರೆದು ಕೆಳಗಿನ ರಸ್ತೆ ಮುಟ್ಟುತ್ತದೆ. ರಿಮ್ ಕೊಳ್ಳುವಾಗ ಬೋಲ್ಟ್‌ಗಳ ವೃತ್ತ, ಆಫ್‌ಸೆಟ್ (ಕಾರಿಗೆ ಕೂರುವ ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ದೂರ ಎಂಬುದು), ನಡುವಿನ ತೂತಿನ ವ್ಯಾಸ, ಬ್ರೇಕ್ ಕ್ಯಾಲಿಪರಿಗೆ ಜಾಗ ಇವಿಷ್ಟೂ ಹೊಂದಬೇಕು. ಬೋಲ್ಟಿನ ತಲೆ ಕೂರುವ ಜಾಗ ಶಂಕುವಿನಂತಿದೆಯೋ ಗುಂಡಗಿದೆಯೋ ನೋಡಿ. ಇದು ತಪ್ಪಾದರೆ ಬಿಗಿಯಾದಂತೆ ಕಂಡ ಬೋಲ್ಟ್ ಓಡುತ್ತಾ ಸಡಿಲವಾಗುತ್ತದೆ.

ಜೋಡಿಸುವ ಕ್ರಮ: ಹಬ್ಬಿನ (ಚಕ್ರ ಕೂರುವ ಲೋಹದ ಭಾಗದ) ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ರಿಮ್ ಸಮನಾಗಿ ಕೂರದೆ ಸ್ಟಿಯರಿಂಗ್ ಅದುರುತ್ತದೆ. ಬೋಲ್ಟಿನ ಎಳೆಗೆ ಗ್ರೀಸ್ ಬೇಡ; ಗ್ರೀಸ್ ಇದ್ದರೆ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬೋಲ್ಟ್ ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ಎದುರುಬದುರು ಕ್ರಮದಲ್ಲಿ ಕೈಯಿಂದ ತಿರುಗಿಸಿ, ಚಕ್ರ ನೆಲಕ್ಕೆ ಬಂದಮೇಲೆ ಟಾರ್ಕ್ ರೆಂಚ್ ಹಿಡಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 100ರಿಂದ 120 ನ್ಯೂಟನ್ ಮೀಟರ್, ಆದರೂ ನಿಮ್ಮ ಕಾರಿನ ಪುಸ್ತಕದ ಅಂಕಿಯೇ ಅಂತಿಮ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ಗಾಳಿಯನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ತುಂಬಿಸಿದರೆ, ಹೊರಗೆ ಪ್ರತಿ 10 ಡಿಗ್ರಿ ಇಳಿಕೆಗೆ ಒಂದೂವರೆಯಿಂದ ಎರಡು ಪಿಎಸ್‌ಐ ಕಳೆದುಹೋಗುತ್ತದೆ. ಚಳಿಯಲ್ಲೇ ನೋಡಿ ಸರಿಪಡಿಸಿ, ಆಮೇಲೆ ಒತ್ತಡದ ಸೆನ್ಸರನ್ನು ರೀಸೆಟ್ ಮಾಡಿ.

ಹಣ ಉಳಿಸಲು ಎರಡೇ ವಿಂಟರ್ ಟೈರ್ ಮುಂದಿನ ಚಕ್ರಕ್ಕೆ ಹಾಕುವುದು ನಾಲ್ಕೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಮುಂದಿನದು ಹಿಡಿಯುತ್ತದೆ, ಹಿಂದಿನದು ಹಿಡಿಯುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಮುಟ್ಟಿದೊಡನೆ ಕಾರಿನ ಹಿಂಭಾಗ ಹೊರಕ್ಕೆ ಬೀಸಿ ಬರುತ್ತದೆ. ನಾಲ್ಕೂ ಒಂದೇ ಬಗೆಯಿರಲಿ, ಸವೆತದಲ್ಲಿ ವ್ಯತ್ಯಾಸವಿದ್ದರೆ ಆಳ ಹೆಚ್ಚಿರುವ ಜೋಡಿ ಹಿಂದಕ್ಕೆ. ಬೇಸಿಗೆಯಲ್ಲೂ ವಿಂಟರ್ ಟೈರನ್ನೇ ಓಡಿಸಿ ಮುಗಿಸೋಣ ಎನ್ನುವವರಿಗೆ ಒಂದು ಮಾತು: ಬಿಸಿ ಡಾಂಬರಿನ ಮೇಲೆ ಆ ಮೆದು ಬಟನ್‌ಗಳು ಓಲಾಡುತ್ತವೆ, ಬ್ರೇಕ್ ದೂರ ಹೆಚ್ಚುತ್ತದೆ, ಸವೆತವೂ ಬೇಗ.

ವರ್ಷಕ್ಕೊಮ್ಮೆ ಬೆಟ್ಟದ ಕಡೆ ಹೋಗುವುದಷ್ಟೇ ಆದರೆ ಆಲ್ ಸೀಸನ್ ಟೈರಿನ ಜೊತೆ ಸರಪಳಿ ಸಾಕು. ಎಂಜಿನ್ ಶಕ್ತಿ ಹೋಗುವ ಚಕ್ರಗಳಿಗೆ ಕಟ್ಟಬೇಕು, 50 ಕಿ.ಮೀ. ವೇಗ ಮೀರಬಾರದು, ನಿಮ್ಮ ಟೈರಿನ ಅಳತೆಗೆ ಸರಪಳಿ ಹಾಕಲು ಜಾಗವಿದೆಯೇ ಎಂದು ಕಾರಿನ ಪುಸ್ತಕದಲ್ಲಿ ಮೊದಲೇ ನೋಡಬೇಕು. ಒಣ ನೆಲದಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ಕೈ ಪಳಗಿಸಿಕೊಳ್ಳಿ, ಕತ್ತಲಲ್ಲಿ ಮರಗಟ್ಟಿದ ಬೆರಳಿನಿಂದ ಕಲಿಯುವ ಕೆಲಸವಲ್ಲ ಅದು. ಸರಪಳಿಯ ಬದಲು ಟೈರಿಗೆ ಬಟ್ಟೆಯ ಗವಸು ಹಾಕುವುದು ಸುಲಭ, ಆದರೆ ಹಿಮವಿಲ್ಲದ ಡಾಂಬರಿನ ಮೇಲೆ ಬೇಗ ಹರಿದುಹೋಗುತ್ತದೆ. ಹೋಗುವ ಕಡೆಯ ಕಾನೂನನ್ನೂ ನೋಡಿಕೊಳ್ಳಿ: ಕೆನಡಾದ ಕ್ವಿಬೆಕ್‌ನಲ್ಲಿ ನೋಂದಾಯಿಸಿದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ, ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ನಡುವೆ ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಕಡ್ಡಾಯ, ಅದೂ ಕನಿಷ್ಠ 4 ಮಿ.ಮೀ. ಆಳದೊಂದಿಗೆ. ಜರ್ಮನಿಯಲ್ಲಿ ಹಿಮದ ಹರಳಿನ ಚಿಹ್ನೆ ಇಲ್ಲದ 'ಎಂ ಪ್ಲಸ್ ಎಸ್' ಟೈರುಗಳಿಗಿದ್ದ ರಿಯಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ, ಆದ್ದರಿಂದ ಹಳೆಯ ಆಲ್ ಸೀಸನ್ ಟೈರಿನಲ್ಲಿ ಅಲ್ಲಿಗೆ ಹೊರಟವರು ಪಕ್ಕದ ಗೋಡೆಯನ್ನು ಮತ್ತೊಮ್ಮೆ ಓದಿ ಹೊರಡಬೇಕು.