ಜೀನೋಮ್ ಹೋಲಿಸೋ ವರ್ಕ್‌ಶಾಪ್‌ಗೆ ಹೋಗೋ ಮುಂಚೆ ಐದು ಚೀಟಿ ಕತ್ತರಿಸ್ಕೊಳ್ಳಿ

ರೀಕಾಂಬ್ ಸಿಜಿ ಅಂತ ಒಂದು ವರ್ಕ್‌ಶಾಪ್ ಇದೆ, 2003ರಲ್ಲಿ ಶುರುವಾಗಿದ್ದು. ಬೇರೆ ಬೇರೆ ಜೀವಿಗಳ ಜೀನೋಮ್‌ನ, ಅಂದ್ರೆ ಪೂರ್ತಿ ಡಿಎನ್ಎನ, ಕಂಪ್ಯೂಟರ್ ಲೆಕ್ಕದಲ್ಲಿ ಹೋಲಿಸೋದು ಹೇಗೆ ಅನ್ನೋದೇ ಅಲ್ಲಿನ ಮಾತು. ಇಂಥದಕ್ಕೆ ಮೊದಲ್ನೇ ಸಲ ಹೋಗೋರು, ಅದ್ರಲ್ಲೂ ಬಯಾಲಜಿ ಕಡೆಯೋರು, ಹಿಂದಿನ ದಿನ ರಾತ್ರಿ ಪೈಥಾನ್ ಹಾಕ್ಕೊಂಡು ನಾಲ್ಕು ಪೇಪರ್ ಡೌನ್‌ಲೋಡ್ ಮಾಡಿ ಒಂದನ್ನೂ ಓದದೇ ಹೋಗಿ ಕೂತ್ಕೋತಾರೆ, ನಾನೂ ಹಂಗೇ ಮಾಡಿದ್ದೆ, ಮೊದಲ್ನೇ ಟಾಕ್‌ನಲ್ಲಿ ಎರಡೇ ನಿಮಿಷಕ್ಕೆ ಬ್ರೇಕ್‌ಪಾಯಿಂಟ್, ಮೀಡಿಯನ್, ಡಿಸಿಜೆ ಅಂತ ಬಂದಾಗ ಮಿಕ್ಕಿದ್ದೆಲ್ಲ ತಲೆ ಮೇಲೆ ಹೋಯ್ತು. ಆಮೇಲೆ ಗೊತ್ತಾಗಿದ್ದು, ಒಂದರ್ಧ ಗಂಟೆ ನೆಲದ ಮೇಲೆ ಚೀಟಿ ಹರಡ್ಕೊಂಡು ಕೂತಿದ್ರೆ ಸಾಕಾಗಿತ್ತು ಅಂತ.

ಹಳೇ ಲಗ್ನಪತ್ರಿಕೆ ಒಂದು ತಗೊಳ್ಳಿ, ದಪ್ಪ ಇರುತ್ತೆ. ಐದು ಚೀಟಿ ಕತ್ತರಿಸಿ 1ರಿಂದ 5ರವರೆಗೆ ನಂಬರ್ ಬರೀರಿ, ಪ್ರತಿಯೊಂದರ ಹಿಂದೆ ಅದೇ ನಂಬರ್‌ನ ಮೈನಸ್ ಹಾಕಿ ಬರೀರಿ. ಒಂದೊಂದು ಚೀಟಿನೂ ಡಿಎನ್ಎಯ ಒಂದೊಂದು ತುಂಡು ಅನ್ಕೊಳ್ಳಿ, ಮೈನಸ್ ಅಂದ್ರೆ ಆ ತುಂಡು ಉಲ್ಟಾ ದಿಕ್ಕಿಗೆ ಕೂತಿದೆ ಅಂತ. ಈಗ ಹೀಗೆ ಜೋಡಿಸಿ:

1 −5 4 −3 2

ಇದು ಸುಮ್ನೆ ಮಾಡಿದ ಲೆಕ್ಕ ಅಲ್ಲ. ಎಲೆಕೋಸು ಮತ್ತೆ ಟರ್ನಿಪ್, ಇವೆರಡರ ಮೈಟೊಕಾಂಡ್ರಿಯಾದ ಡಿಎನ್ಎನ ಪಾಮರ್ ಮತ್ತೆ ಹರ್ಬನ್ ಅನ್ನೋರು 1988ರಲ್ಲಿ ಹೋಲಿಸಿದ್ರು. ಜೀನ್‌ಗಳು ಹೆಚ್ಚುಕಮ್ಮಿ ಒಂದೇ, ಆದ್ರೆ ಜೋಡಣೆ ಮಾತ್ರ ಬೇರೆ. ಟರ್ನಿಪ್‌ನ 1 2 3 4 5 ಅಂತ ಇಟ್ಕೊಂಡ್ರೆ ಎಲೆಕೋಸು ಮೇಲಿನ ಸಾಲಿನ ಥರ ಕಾಣುತ್ತೆ.

ಆಟ ಏನಂದ್ರೆ, ಪಕ್ಕಪಕ್ಕದ ಒಂದಷ್ಟು ಚೀಟಿ ಒಟ್ಟಿಗೆ ಎತ್ತಿ ದೋಸೆ ಮಗುಚಿದ ಹಾಗೆ ಮಗುಚಬೇಕು, ಎಡಗಡೆದು ಬಲಕ್ಕೆ ಬರ್ಬೇಕು, ಚೀಟಿ ಹಿಂದಿನ ಚಿಹ್ನೆ ಮೇಲೆ ಬರ್ಬೇಕು. ಇದಕ್ಕೇ ರಿವರ್ಸಲ್ ಅಥವಾ ಇನ್ವರ್ಷನ್ ಅನ್ನೋದು. ಎಷ್ಟು ಕಮ್ಮಿ ಸಲ ಮಗುಚಿ 1 2 3 4 5 ತರ್ತೀರಿ? ಮುಂದೆ ಓದೋ ಮುಂಚೆ ಕೈಯಾರೆ ಒಂದ್ಸಲ ಟ್ರೈ ಮಾಡಿ.

ನನ್ನ ದಾರಿ: 4ನ ಒಂದೇ ಮಗುಚಿದೆ, 1 −5 −4 −3 2 ಆಯ್ತು. ಆಮೇಲೆ 2ನ ಮಗುಚಿದೆ, 1 −5 −4 −3 −2. ಈಗ ಕೊನೇ ನಾಲ್ಕನ್ನೂ ಒಟ್ಟಿಗೆ ಮಗುಚಿದ್ರೆ ಮುಗೀತು, ಒಟ್ಟು ಮೂರು.

ಎರಡರಲ್ಲೇ ಆಗಲ್ವಾ ಅಂತ ಕೇಳೋರಿಗೆ ಬ್ರೇಕ್‌ಪಾಯಿಂಟ್ ಬೇಕಾಗೋದು ಇಲ್ಲೇ. ಸಾಲಿನ ಮುಂದೆ 0, ಕೊನೇಲಿ 6 ಇಡಿ. ಪಕ್ಕದ ಎರಡು ನಂಬರ್‌ನಲ್ಲಿ ಬಲಗಡೆದು ಎಡಗಡೆದಕ್ಕಿಂತ ಸರಿಯಾಗಿ ಒಂದು ಜಾಸ್ತಿ ಇದ್ರೆ ಜೋಡಿ ಸರಿ ಇದೆ, ಇಲ್ಲಾಂದ್ರೆ ಅಲ್ಲೊಂದು ಬ್ರೇಕ್‌ಪಾಯಿಂಟ್ (−5 ಆದ್ಮೇಲೆ −4 ಬಂದ್ರೆ ಸರೀನೇ, ಮೈನಸ್ ನೋಡಿ ಗಾಬರಿ ಬೀಳ್ಬೇಡಿ). ನಮ್ಮ ಸಾಲಲ್ಲಿ 0 1 ಬಿಟ್ರೆ ಮಿಕ್ಕ ಐದು ಕಡೆನೂ ಒಡೆದಿದೆ. ಒಂದ್ಸಲ ಮಗುಚಿದ್ರೆ ಆ ತುಂಡಿನ ಎರಡು ತುದಿ ಮಾತ್ರ ಬದಲಾಗೋದು, ಅಂದ್ರೆ ಜಾಸ್ತಿ ಅಂದ್ರೆ ಎರಡು ಬ್ರೇಕ್‌ಪಾಯಿಂಟ್ ಹೋಗ್ಬಹುದು, ಐದು ಹೋಗ್ಬೇಕು ಅಂದ್ರೆ ಎರಡು ಸಲಕ್ಕೆ ಆಗೋದೇ ಇಲ್ಲ. ಮೂರೇ ಗತಿ.

ಇನ್ನೊಂದು ದಾರಿನೂ ನೋಡಿಬಿಡಿ: ಮೊದಲೇ ಕೊನೇ ನಾಲ್ಕನ್ನ ಮಗುಚಿದ್ರೆ 1 −2 3 −4 5 ಬರುತ್ತೆ, ಆಮೇಲೆ 2 ಮತ್ತೆ 4ನ ಒಂದೊಂದಾಗಿ ಮಗುಚಿ. ಇದೂ ಮೂರೇ. ಹಾಗಾದ್ರೆ ಗಿಡದಲ್ಲಿ ನಿಜವಾಗ್ಲೂ ನಡೆದಿದ್ದು ಯಾವುದು? ಈ ಲೆಕ್ಕ ಅದನ್ನ ಹೇಳಲ್ಲ, ಕಮ್ಮಿ ಅಂದ್ರೆ ಎಷ್ಟು ಹೆಜ್ಜೆ ಅಂತ ಮಾತ್ರ ಹೇಳುತ್ತೆ. ಟಾಕ್‌ನಲ್ಲಿ ಯಾರಾದ್ರೂ ಒಂದೇ ದಾರಿ ತೋರಿಸಿ ಇತಿಹಾಸ ಇದೇ ಅಂದ್ರೆ ಕೈ ಎತ್ತಿ ಕೇಳಿ, ಒಳ್ಳೇ ಪ್ರಶ್ನೆನೇ ಅದು.

ಎಡದಿಂದ ಒಂದೊಂದೇ ನಂಬರ್ ಸರಿ ಮಾಡ್ತಾ ಹೋದ್ರೆ ಆಯ್ತಲ್ಲ ಅಂತ ಅನ್ನಿಸ್ಬಹುದು. ಚಿಹ್ನೆ ಬಿಟ್ಟು 6 1 2 3 4 5 ಅಂತ ಜೋಡಿಸಿ ಹಂಗೇ ಮಾಡಿ ನೋಡಿ, ಐದು ಸಲ ಮಗುಚ್ತೀರಿ. ಪೂರ್ತಿ ಸಾಲು ಒಂದ್ಸಲ ಮಗುಚಿ, ಆಮೇಲೆ ಮೊದಲ ಐದನ್ನ ಮಗುಚಿದ್ರೆ ಎರಡಕ್ಕೇ ಮುಗಿಯುತ್ತೆ! ಅದಕ್ಕೇ ಜನ ಇದರ ಮೇಲೆ ವರ್ಷಗಟ್ಟಲೆ ಕೂತಿದ್ದು. ಚಿಹ್ನೆ ಇದ್ರೆ ಬೇಗ ಬಿಡಿಸೋ ದಾರಿನ ಹನ್ನೆನ್‌ಹಳ್ಳಿ ಮತ್ತೆ ಪೆವ್ಜ್ನರ್ 1995ರಲ್ಲಿ ಕೊಟ್ರು, ಚಿಹ್ನೆ ಇಲ್ದಿದ್ರೆ ಅದು ಎನ್‌ಪಿ-ಹಾರ್ಡ್ (ಅಂದ್ರೆ ಬೇಗ ಬಿಡಿಸೋ ದಾರಿ ಯಾರಿಗೂ ಗೊತ್ತಿಲ್ಲದ ಥರದ ಕಷ್ಟದ ಲೆಕ್ಕ) ಅಂತ 1997ರಲ್ಲಿ ಕಾಪ್ರಾರಾ ತೋರಿಸಿದ್ರು. ಬರೀ ದಿಕ್ಕು ಗೊತ್ತಿರೋದ್ರಿಂದ ಇಷ್ಟು ವ್ಯತ್ಯಾಸ. ಡಿಸಿಜೆ ಅಂದ್ರೆ ಎರಡು ಕಡೆ ಕತ್ತರಿಸಿ ನಾಲ್ಕು ತುದಿನ ಬೇರೆ ಥರ ಅಂಟಿಸೋದು, 2005ರಲ್ಲಿ ಬಂದಿದ್ದು, ಮಗುಚೋದೂ ಅದರೊಳಗೇ ಬರುತ್ತೆ. ಮೀಡಿಯನ್ ಅಂದ್ರೆ ಮೂರು ಜೀನೋಮ್‌ಗೂ ಒಟ್ಟು ದೂರ (ಅಂದ್ರೆ ಬೇಕಾಗೋ ಹೆಜ್ಜೆ) ಕಮ್ಮಿ ಇರೋ ನಾಲ್ಕನೇದನ್ನ ಹುಡುಕೋದು, ಸದ್ಯಕ್ಕೆ ಅಷ್ಟು ಗೊತ್ತಿದ್ರೆ ಸಾಕು.

ಈಗ ಲ್ಯಾಪ್‌ಟಾಪ್ ತೆಗೀರಿ. ಎನ್‌ಸಿಬಿಐ ಅನ್ನೋ ಅಮೆರಿಕದ ಸರ್ಕಾರಿ ಡೇಟಾಬೇಸ್ ಸೈಟ್‌ನಿಂದ ಇ. ಕೋಲೈ ಬ್ಯಾಕ್ಟೀರಿಯಾದ ಎರಡು ಜೀನೋಮ್ ಇಳಿಸ್ಕೊಳ್ಳಿ, ಕೆ-12 ಎಂಜಿ1655 (ಸುಮಾರು 46 ಲಕ್ಷ ಬೇಸ್, ಅಂದ್ರೆ ಡಿಎನ್ಎ ಅಕ್ಷರ) ಮತ್ತೆ ಒ157:ಎಚ್7 ಸಕಾಯ್ (ಸುಮಾರು 55 ಲಕ್ಷ). ಮಮ್ಮರ್ ಅನ್ನೋ ಫ್ರೀ ಪ್ಯಾಕೇಜ್‌ನಲ್ಲಿ ಎರಡು ಜೀನೋಮ್‌ನಲ್ಲಿ ಹೊಂದೋ ತುಂಡು ಹುಡುಕೋ ನುಕ್ಮರ್ ಇದೆ, ಅದಕ್ಕೆ ಎರಡೂ ಫೈಲ್ ಕೊಟ್ಟು, ಬಂದಿದ್ದನ್ನ ಅದೇ ಪ್ಯಾಕೇಜ್‌ನ ಮಮ್ಮರ್‌ಪ್ಲಾಟ್‌ಗೆ ಹಾಕಿ, ಒಂದು ಜೀನೋಮ್ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ ಇಟ್ಟು ಗ್ರಾಫ್ ಬರೆಯುತ್ತೆ. ಗ್ರಾಫ್‌ನಲ್ಲಿ ಮೇಲಕ್ಕೆ ಹತ್ತೋ ಗೆರೆ ಅಂದ್ರೆ ಎರಡರಲ್ಲೂ ಒಂದೇ ದಿಕ್ಕು, ಕೆಳಕ್ಕೆ ಇಳಿಯೋ ಗೆರೆ ಅಂದ್ರೆ ಮಗುಚಿರೋ ತುಂಡು, ಅದೇ ನಿಮ್ಮ ಮೈನಸ್ ಚೀಟಿ.

ಇನ್ನೊಂದು ವಿಷಯ, ಇದರಲ್ಲೇ ನಾನು ಒಂದು ಮಧ್ಯಾಹ್ನ ಪೂರ್ತಿ ಕಳ್ಕೊಂಡಿದ್ದು. ಬ್ಯಾಕ್ಟೀರಿಯಾದ ಕ್ರೋಮೋಸೋಮ್ ಸಾಮಾನ್ಯವಾಗಿ ಬಳೆ ಥರ ದುಂಡಗಿರುತ್ತೆ, ಫೈಲ್‌ನಲ್ಲಿ ಅದನ್ನ ಎಲ್ಲೋ ಒಂದ್ಕಡೆ ಕತ್ತರಿಸಿ ಉದ್ದಕ್ಕೆ ಬರ್ದಿರ್ತಾರೆ. ಎರಡು ಫೈಲ್‌ನಲ್ಲಿ ಆ ಕತ್ತರಿಸಿದ ಜಾಗ ಬೇರೆ ಇದ್ರೆ ಗೆರೆ ಮಧ್ಯದಲ್ಲಿ ಹಾರಿದ ಹಾಗೆ ಕಾಣುತ್ತೆ, ನೀವು ದೊಡ್ಡ ಬದಲಾವಣೆ ಸಿಕ್ತು ಅಂತ ಕುಣಿಯೋಕೆ ಶುರು ಮಾಡ್ತೀರಿ. ಎರಡನ್ನೂ ಒಂದೇ ಜೀನ್‌ನಿಂದ ಶುರುವಾಗೋ ಹಾಗೆ ತಿರುಗಿಸಿ, ಸಾಮಾನ್ಯವಾಗಿ ಡಿಎನ್ಎಎ ಅನ್ನೋ ಜೀನ್ ತಗೋತಾರೆ, ಆಮೇಲೆ ಇನ್ನೊಂದ್ಸಲ ಪ್ಲಾಟ್ ಮಾಡಿ. ಆಗ್ಲೂ ಉಳಿದಿರೋ ಇಳಿಜಾರು ಗೆರೆ ಮಾತ್ರ ಎಣಿಸಿ, ಆ ಪ್ರಿಂಟೌಟ್‌ನ ಚೀಟಿಗಳ ಜೊತೆ ಬ್ಯಾಗ್‌ನಲ್ಲಿ ಹಾಕ್ಕೊಳ್ಳಿ, ಕಾಫಿ ಬ್ರೇಕ್‌ನಲ್ಲಿ ಯಾರ ಹತ್ರ ಏನು ಮಾತಾಡೋದು ಅಂತ ಯೋಚನೆ ಇರಲ್ಲ.